ಕೂಲಿಂಗ್ ಕಾಯಿಲ್

ನೇತ್ರಾವತಿ ಸೇತುವೆಯ ಮೇಲೆ ಬ್ಲಾಕಿನಲ್ಲಿ ಕಾರು ನಿಂತಾಗಲೇ ಕುಶಲಾ ವಾಂತಿ ಮಾಡಿಕೊಂಡರು. ಇದಕ್ಕೆಂದೇ ಪಕ್ಕದ ಸೀಟಿನಲ್ಲಿ ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಚೀಲವನ್ನು ಸಂಚಿತಾ ಹಿಂದಕ್ಕೆ ಚಾಚಿದಳು. ಅತ್ತೆ ಅದನ್ನು ಹಿಡಿಯುವಷ್ಟರಲ್ಲಿ ಅರ್ಧ ಸೀರೆಯ ಮೇಲೆ ಬಿದ್ದಾಗಿತ್ತು. ಮುಂದೆ ಮೀನಿನ ಲಾರಿ, ಅದರ ಹಿಂಬದಿಯಿಂದ ಐಸ್ ಕರಗಿದ ನೀರು ಸುರಿಯುತ್ತಿತ್ತು. ಹಿಂದೆ ಕಾಸರಗೋಡಿನ ಬಸ್ಸು, ಸುಮ್ಮನೆ ಹಾರ್ನ್ ಹೊಡೆಯುತ್ತಿತ್ತು. ಎಸಿಯ ಕಿಂಡಿಯಿಂದ ಬರುವ ಗಾಳಿ ಯಾರೋ ಬಾಯಿಯಿಂದ ಊದಿದ ಹಾಗೆ ಬೆಚ್ಚಗಿತ್ತು. ಕಿಟಕಿ ಇಳಿಸಿದರೆ ಮೀನಿನ ನಾತ, ಏರಿಸಿದರೆ ಸೆಕೆ.

"ಆಸ್ಪತ್ರೆಯಲ್ಲಿ ನನ್ನನ್ನು ಅಕ್ಕಿ ತೊಳೆದ ಹಾಗೆ ತೊಳೆಯುವುದು. ಕಾರಿಗೆ ಹಾಕಿ ಬೇಯಿಸುವುದು," ಅಂದರು ಕುಶಲಾ, ಬಾಯಿ ಒರೆಸಿಕೊಳ್ಳುತ್ತ. "ಇನ್ನು ಗಂಜಿ ಬಸಿಯುವುದೊಂದು ಬಾಕಿ."

ಈ ಮಾತಿಗೆ ನಗಬೇಕೋ ಬೇಸರ ಮಾಡಿಕೊಳ್ಳಬೇಕೋ ಎಂದು ತೀರ್ಮಾನಿಸುವ ಶಕ್ತಿ ಸೋಮವಾರ ಮಧ್ಯಾಹ್ನದ ಹೊತ್ತಿಗೆ ಸಂಚಿತಾಳಲ್ಲಿ ಉಳಿದಿರುತ್ತಿರಲಿಲ್ಲ.

ಕುಶಲಾರ ಎರಡು ಕಿಡ್ನಿಗಳೂ ಕೆಲಸ ಬಿಟ್ಟು ವರ್ಷ ಕಳೆದಿತ್ತು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಮನೆ ಇರುವುದು ಊರಿನ ಉತ್ತರ ತುದಿ ಕೂಳೂರಿನಲ್ಲಿ. ಆಸ್ಪತ್ರೆ ದಕ್ಷಿಣದಲ್ಲಿ ಹೊಳೆ ದಾಟಿ, ತೊಕ್ಕೊಟ್ಟಿನಿಂದಲೂ ಒಳಗೆ. ನಡುವೆ ಇಡೀ ಮಂಗಳೂರು. ಬೆಳಿಗ್ಗೆ ಬೇಗ ಹೊರಟರೆ ಹೋಗುವುದು ಕಷ್ಟವಲ್ಲ, ಬರುವುದು ಮಾತ್ರ ನಡು ಮಧ್ಯಾಹ್ನ. ಮೆಷಿನ್ನಿನಿಂದ ಇಳಿದ ಮೇಲೆ ಅತ್ತೆಯ ಬಿಪಿ ತಗ್ಗಿರುತ್ತದೆ. ಆ ಸ್ಥಿತಿಯಲ್ಲಿ ಏಪ್ರಿಲ್ ತಿಂಗಳ ಕಾರಿನೊಳಗೆ ಕೂತರೆ ಕಣ್ಣು ಕತ್ತಲೆ ಬರುತ್ತದೆ. ಒಮ್ಮೆ ಪಂಪ್‌ವೆಲ್‌ನಲ್ಲಿ ಪೂರಾ ಪ್ರಜ್ಞೆ ತಪ್ಪಿತ್ತು. ಸಂಚಿತಾಳ ಗಂಡ ಪೃಥ್ವಿರಾಜ್ ಪುಣೆಯಲ್ಲಿ ಹೋಟೆಲು ನಡೆಸುತ್ತಿದ್ದ. ದಿನಾ ಫೋನ್ ಮಾಡಿ ಅಮ್ಮ ಹೇಗಿದ್ದಾರೆ ಎಂದು ಕೇಳುತ್ತಿದ್ದ. ಕಾರು ಬಿಡುವುದು, ಕಾಯುವುದು, ವಾಂತಿ ತೊಳೆಯುವುದು, ಆಮೇಲೆ ತನ್ನ ಕಾಲೇಜಿನ ಆಫೀಸಿಗೆ ಓಡಿ ಪ್ರಿನ್ಸಿಪಾಲರ ಮುಖ ನೋಡುವುದು ಸಂಚಿತಾಳ ಪಾಲಿಗೆ ಬಂದಿತ್ತು. ಅತ್ತೆಯ ಮೇಲೆ ಪ್ರೀತಿ ಉಂಟೇ ಎಂದು ಯಾರಾದರೂ ಕೇಳಿದ್ದರೆ ಯೋಚಿಸಿ ಹೇಳಲು ಅವಳಿಗೆ ಪುರುಸೊತ್ತಿರಲಿಲ್ಲ.

ಹಿಂದಿನ ಶುಕ್ರವಾರ ಕುಶಲಾ ಮಾತು ಮುಗಿಸಿಬಿಟ್ಟಿದ್ದರು. ಈ ಕಾರಿನಲ್ಲಿ ಇನ್ನು ಕೂರುವುದಿಲ್ಲ. ಆಸ್ಪತ್ರೆಯೂ ಬೇಡ, ಎಂತದೂ ಬೇಡ. ಸೋಮವಾರ ಒಂದು ಸಲ ಬನ್ನಿ, ಬರುವಾಗಲೇ ಎಸಿ ಸರಿ ಮಾಡಿಸ್ಲಿಕ್ಕೆ ಕೊಡ್ತೇನೆ ಮಾಮಿ, ಆಮೇಲೆ ನೀವು ಬರುವುದಿಲ್ಲ ಅಂತ ಹೇಳಬಾರದು ಎಂದು ಸಂಚಿತಾ ಮಾತು ತೆಗೆದುಕೊಂಡಿದ್ದಳು. ಹಾಗಾಗಿ ಈಗ ಸೇತುವೆ ದಾಟಿದವಳೇ ಎಡಕ್ಕೆ ತಿರುಗಿಸಿ ಜೆಪ್ಪುವಿನ ಒಳರಸ್ತೆಗೆ ಇಳಿದಳು. ಅಲ್ಲಿ ಸೆಡ್ರಿಕ್‌ನ ಶೆಡ್ ಇತ್ತು.

ಸೆಡ್ರಿಕ್ ಕಾರುಗಳ ಎಸಿ ಬಿಟ್ಟು ಬೇರೆ ಕೆಲಸ ಮುಟ್ಟುವವನಲ್ಲ. ಮನೆಯ ಪಕ್ಕಕ್ಕೇ ಶೀಟು ಇಳಿಸಿ ಶೆಡ್ ಮಾಡಿಕೊಂಡಿದ್ದ. ಅವನ ಹೆಂಡತಿ ನೆಲ್ಲಿ ಅಡುಗೆಕೋಣೆಯ ಕಿಟಕಿಯಿಂದಲೇ ಗಿರಾಕಿಗಳ ಜೊತೆ ಮಾತಾಡುತ್ತಿದ್ದಳು. ಮನೆಯೊಳಗೆ ಕೊಂಕಣಿ, ಅಂಗಡಿಗಳಲ್ಲಿ ತುಳು. ಆದರೆ ಗಿರಾಕಿ ಹೆಂಗಸರ ಹತ್ತಿರ ಅವನು ಕನ್ನಡದಲ್ಲೇ ಮಾತಾಡುತ್ತಿದ್ದ. ಅದು ಅವನು ಕೊಡುವ ಮರ್ಯಾದೆ.

ಬಾನೆಟ್ ಎತ್ತಿ, ಪೈಪಿಗೆ ಗೇಜು ಸಿಕ್ಕಿಸಿ ನೋಡಿ, ಅವನು ಕೈ ಒರೆಸಿಕೊಂಡ.

"ಗ್ಯಾಸ್ ಇಲ್ಲ ಮೇಡಂ."

"ಹೋದ ತಿಂಗಳು ತುಂಬಿಸಿದ್ದಲ್ಲ?"

"ತುಂಬಿಸಿದ್ದು ನಾನೇ. ಅದಕ್ಕಿಂತ ಮೊದಲು ತುಂಬಿಸಿದ್ದೂ ನಾನೇ. ಓಟೆ ಇರುವ ಕೊಡಪಾನಕ್ಕೆ ಎಷ್ಟು ನೀರು ಹೊಯ್ಯುವುದು? ಕೂಲಿಂಗ್ ಕಾಯಿಲ್ ಹೋಗಿದೆ. ಗಾಳಿ ತಂಪಾಗುವುದೇ ಅದರಲ್ಲಿ. ಅದು ಇರುವುದು ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ. ಸ್ಟೇರಿಂಗ್ ಬಿಚ್ಚಬೇಕು, ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು. ಎರಡು ಮೂರು ದಿನ ಕಾರು ಬಿಡ್ಬೇಕಾಗ್ತದೆ."

"ಬುಧವಾರ ಪುನಃ ಆಸ್ಪತ್ರೆಗೆ ಹೋಗ್ಲಿಕ್ಕುಂಟು. ಈಗ ಗ್ಯಾಸ್ ಮಾತ್ರ ತುಂಬಿಸಿ. ಶುಕ್ರವಾರ ಮಧ್ಯಾಹ್ನ ಕಾರು ತಂದು ಬಿಡ್ತೇನೆ, ಆಗ ಕಾಯಿಲ್ ನೋಡುವ."

"ಗ್ಯಾಸಿಗೂ ಹೊತ್ತು ಹಿಡೀತದೆ. ಮುಂದೆ ಎರಡು ಗಾಡಿ ಉಂಟು."

ಕುಶಲಾ ಶೆಡ್ಡಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ನೆಲ್ಲಿ ಕಿಟಕಿಯಿಂದ, "ಅಮ್ಮನಿಗೆ ಒಂದು ಬೊಂಡ ಕೆತ್ತಿ ಕೊಡ್ಲಾ?" ಎಂದು ಕೇಳಿದಳು. "ಬೇಡ, ಕಿಡ್ನಿ ಹೋದವರಿಗೆ ಎಳನೀರು ಆಗುವುದಿಲ್ಲ," ಎಂದಳು ಸಂಚಿತಾ. ಕುಶಲಾ ಒಂದು ಕಣ್ಣು ತೆರೆದು ಸೊಸೆಯನ್ನು ನೋಡಿ ಮತ್ತೆ ಮುಚ್ಚಿಕೊಂಡರು.

ಅತ್ತೆಯನ್ನು ಆಟೋದಲ್ಲಿ ಮನೆಗೆ ಮುಟ್ಟಿಸಿ, ಆಫೀಸಿಗೆ ಹೋಗಿ, ಸಂಜೆ ಬಂದು ಕಾರು ಒಯ್ಯುವುದು ಎಂದಾಯಿತು. ಸಂಚಿತಾ ರಸ್ತೆಯ ಬದಿಗೆ ನಿಂತು ಪೃಥ್ವಿರಾಜನಿಗೆ ಫೋನಿನಲ್ಲಿ ಕಾಯಿಲ್ ಎಂದರೇನು ಎಂದು ವಿವರಿಸುತ್ತಿದ್ದಳು. ಅಷ್ಟರಲ್ಲಿ ಸೆಡ್ರಿಕ್ ಕುಶಲಾರ ಕೈ ಹಿಡಿದು ಆಟೋಗೆ ಹತ್ತಿಸಿದ. ಏನೋ ಬಗ್ಗಿ ಕೇಳಿದ; ಅವರು ಏನೋ ಹೇಳಿದರು. ಆಟೋದ ಇಂಜಿನು ಗಡಗಡ ಎನ್ನುತ್ತಿತ್ತು.

ಸಂಜೆ ಸಂಚಿತಾ ಶೆಡ್ಡಿಗೆ ಬಂದಾಗ ಕಾರಿಗೆ ಮುಖ ಇರಲಿಲ್ಲ. ಸ್ಟೇರಿಂಗ್ ಇದ್ದಲ್ಲಿ ಒಂದು ಕಬ್ಬಿಣದ ಸರಳು, ಡ್ಯಾಶ್‌ಬೋರ್ಡ್ ಇದ್ದಲ್ಲಿ ವಯರುಗಳ ಗೊಂಚಲು. ಡ್ಯಾಶ್‌ಬೋರ್ಡ್ ಹೊರಗೆ ಗೋಡೆಗೆ ಒರಗಿ ನಿಂತಿತ್ತು. ಕಾಯಿಲ್ ಕೂರುವ ಗಾಳಿಪೆಟ್ಟಿಗೆ ನೆಲದ ಮೇಲೆ ಎರಡು ಹೋಳಾಗಿ ಬಿದ್ದಿತ್ತು. ಅವಳು ಅದನ್ನೆಲ್ಲ ನೋಡಿದಳು. ಮನೆಯಲ್ಲಿ ಪಾತ್ರೆ ಒಡೆದಾಗ ಗುಡಿಸುವ ಮೊದಲು ನೋಡುವ ಹಾಗೆ.

"ಗ್ಯಾಸ್ ಮಾತ್ರ ಅಂತ ಹೇಳಿದ್ದಲ್ಲ ನಾನು?"

"ಅಮ್ಮ ಹೇಳಿದ್ರಲ್ಲ ಮೇಡಂ," ಅಂದ ಸೆಡ್ರಿಕ್.

"ಎಂತ ಹೇಳಿದ್ರು?"

"ಆಟೋ ಹತ್ತಿಸುವಾಗ ಕೇಳಿದೆ. ಗ್ಯಾಸ್ ಹಾಕಿದ್ರೆ ಪುನಃ ಹೋಗ್ತದೆ ಅಮ್ಮ, ಪೂರಾ ಕೆಲಸವೇ ಮಾಡಿ ಬಿಡುವುದಾ ಅಂತ. ಆವು ಅಂದ್ರು. ಮನೆಯ ದೊಡ್ಡವರು ಆವು ಅಂದ ಮೇಲೆ ನಾನು ಮತ್ತೆ ಯಾರ ಹತ್ತಿರ ಕೇಳ್ಬೇಕು?"

ಸಂಚಿತಾಳಿಗೆ ಅಲ್ಲೇ ಗೊತ್ತಾಯಿತು. ತುಳುವಿನಲ್ಲಿ ಆವು ಅಂದರೆ ಆಗಲಿ. ಯಾವು ಅಂದರೆ ಸಾಕು. ನಡುವೆ ಇರುವುದು ನಾಲಿಗೆಯ ಒಂದು ಸಣ್ಣ ಎತ್ತುವಿಕೆ. ವಾಂತಿ ಮಾಡಿ ಒಣಗಿದ ಬಾಯಿಗೆ ಅದು ಎಷ್ಟು ಬಂತೋ, ಆಟೋದ ಸದ್ದಿನಲ್ಲಿ ಎಷ್ಟು ಹೋಯಿತೋ.

"ಯಾವು ಅಂದಿರ್ತಾರೆ ಅವರು. ಸಾಕು ಅಂತ."

"ಇಲ್ಲ ಮೇಡಂ. ಆವು."

"ನಿಮ್ಮ ಕೊಂಕಣಿ ಕಿವಿಗೆ ಆವು ಕೇಳಿರ್ಬೇಕು."

ಸೆಡ್ರಿಕ್‌ಗೆ ಅದು ತಾಗಿತು. "ನಾನು ಹುಟ್ಟಿದ್ದು ಇದೇ ಜೆಪ್ಪುವಿನಲ್ಲಿ. ನಿಮಗಿಂತ ಮೊದಲು ತುಳು ಮಾತಾಡಿದವ," ಅಂದ.

"ನನಗೂ ಆವು ಅಂತಲೇ ಕೇಳಿದ್ದು," ಎಂದಳು ನೆಲ್ಲಿ ಕಿಟಕಿಯಿಂದ.

"ನೀನು ಆಗ ಮೀನು ಕೊಯ್ಯುತ್ತಿದ್ದೆ, ನಿನಗೆ ಎಂತ ಕೇಳ್ತದೆ," ಅಂದ ಸೆಡ್ರಿಕ್.

"ಕೊಯ್ಯುವುದು ಕೈ. ಕಿವಿ ಖಾಲಿ ಇರ್ತದೆ."

ಸಂಚಿತಾಳಿಗೆ ನಗು ಬರಲಿಲ್ಲ. ಜಗಳ ಮಾಡಲೂ ಬರಲಿಲ್ಲ. ಪುನಃ ಜೋಡಿಸಿ ಕೊಡಲು ಆಗುತ್ತದೆಯೇ ಎಂದು ಕೇಳಿದಳು. ಹಳೆಯ ಕಾಯಿಲ್ ಹೊರಬಂದಾಗಿದೆ, ಪೇಟೆಯಲ್ಲಿ ಸಿಕ್ಕಿದ ಹೊಸದರ ಪೈಪಿನ ಬಾಯಿ ಈ ಗಾಡಿಗೆ ಕೂರುವುದಿಲ್ಲ, ಸರಿಯಾದ್ದು ಪಾರ್ಸೆಲ್ಲಿನಲ್ಲಿ ಬರಬೇಕು ಎಂದ ಅವನು. ಕಾರು ಸಿಗುವುದು ಗುರುವಾರ ಸಂಜೆ. ಅದಕ್ಕಿಂತ ಮೊದಲು ದೇವರು ಬಂದರೂ ಇಲ್ಲ.

ಬುಧವಾರ ಬೆಳಿಗ್ಗೆ ಅವಳು ಬಾಡಿಗೆ ಕಾರು ತರಿಸಿದಳು. ಕಾರು ಗೇಟಿನಲ್ಲಿ ನಿಂತಿತು. ಕುಶಲಾ ಚಾವಡಿಯ ಕುರ್ಚಿಯಿಂದ ಏಳಲಿಲ್ಲ.

"ನಮ್ಮ ಕಾರಿನ ಎಸಿ ಸರಿಯಾದ ಮೇಲೆ ಬರ್ತೇನೆ ಅಂತ ಮಾತು."

"ಇದರಲ್ಲಿಯೂ ಎಸಿ ಉಂಟು ಮಾಮಿ."

"ಯಾರದೋ ಕಾರಿನಲ್ಲಿ ಕಕ್ಕಿ ಡ್ರೈವರನ ಹತ್ತಿರ ಬೈಸಿಕೊಳ್ಳುವ ಪ್ರಾಯ ಅಲ್ಲ ನನ್ನದು. ಮಾತು ಅಂದ್ರೆ ಮಾತು."

"ಡಾಕ್ಟ್ರು ಒಂದು ಸಹ ತಪ್ಪಿಸ್ಬಾರ್ದು ಅಂತ ಹೇಳಿದ್ದಾರೆ."

"ಡಾಕ್ಟ್ರಿಗೆ ಅವರದ್ದೇ ಕಾರು ಉಂಟು."

ಗೇಟಿನಲ್ಲಿ ಹಾರ್ನ್ ಹೊಡೆಯಿತು. ಸಂಚಿತಾ ಇನ್ನೊಂದು ಸಲ ಹೇಳಿದಳು, ಆಮೇಲೆ ಇನ್ನೊಂದು ಸಲ. ಮೂರನೆಯ ಸಲದ ಮಾತಿನಲ್ಲಿ ಬಲ ಇರಲಿಲ್ಲ. ಅದು ಅತ್ತೆಗೂ ಕೇಳಿಸಿತು, ಅವಳಿಗೂ ಕೇಳಿಸಿತು. ಹೊರಗೆ ಹೋಗಿ ಡ್ರೈವರನನ್ನು ಕಳಿಸಿದಳು. ಆಸ್ಪತ್ರೆಗೆ ಫೋನ್ ಮಾಡಿದಳು. ಡಯಾಲಿಸಿಸ್ಸಿನ ಸಿಸ್ಟರ್ ನಜ್ಲಾ, "ಇವತ್ತು ಬಾರದಿದ್ರೆ ನಾಳೆ ಮೆಷಿನ್ ಖಾಲಿ ಇಲ್ಲ ಅಕ್ಕ. ಶುಕ್ರವಾರವೇ. ನೀರು ಕಡಿಮೆ ಕೊಡಿ, ಹಣ್ಣು ಬೇಡ. ಉಸಿರು ಕಟ್ಟಿದ್ರೆ ಮಾತ್ರ ಕೂಡಲೇ ತನ್ನಿ, ಕಾಯ್ಬೇಡಿ," ಅಂದಳು.

ಆಫೀಸಿಗೆ ರಜೆ ಹೇಗೂ ಹೇಳಿಯಾಗಿತ್ತು. ಸಂಚಿತಾ ಕೋಣೆಗೆ ಹೋಗಿ, ಫ್ಯಾನಿನ ಕೆಳಗೆ, ಸೀರೆಯನ್ನೂ ಬದಲಿಸದೆ ಮಲಗಿದಳು. ಕನಸೂ ಬೀಳದಂಥ ನಿದ್ದೆ. ಎದ್ದಾಗ ಮಧ್ಯಾಹ್ನ ದಾಟಿತ್ತು. ಬುಧವಾರದ ಮಧ್ಯಾಹ್ನ ಮನೆಯೊಳಗೆ ಹೇಗಿರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಬೆಳಕು ಅಡುಗೆಕೋಣೆಯವರೆಗೆ ಬಂದಿತ್ತು. ಯಾವ ಅವಸರವೂ ಇರಲಿಲ್ಲ. ಮೈ ಹಗುರ ಎನಿಸಿತು. ಯಾಕೆ ಹಗುರ ಎಂದು ಅರ್ಥವಾದ ಕೂಡಲೇ ಎದ್ದು ಮುಖ ತೊಳೆದುಕೊಂಡಳು.

ಚಾವಡಿಯಲ್ಲಿ ಅತ್ತೆಯ ಕುರ್ಚಿಯ ಪಕ್ಕ ಒಂದು ಖಾಲಿ ಬೊಂಡ ಬಿದ್ದಿತ್ತು. ಸೈಕಲ್ಲಿನಲ್ಲಿ ಮಾರುವವನನ್ನು ಗೇಟಿಗೆ ಕರೆಸಿ ಕೆತ್ತಿಸಿಕೊಂಡಿದ್ದರು.

"ವಿಷ ಕುಡಿದ ಹಾಗೆ ಅದು ನಿಮಗೆ," ಅಂದಳು ಸಂಚಿತಾ.

"ಎಷ್ಟು ಸಿಹಿ ಇತ್ತು ಗೊತ್ತುಂಟಾ."

ಸಂಚಿತಾ ಮೆಟ್ಟಿಲ ಮೇಲೆ ಕೂತಳು. ಸೋಮವಾರದಿಂದ ತಲೆಯಲ್ಲಿದ್ದದ್ದನ್ನು ಕೇಳಿದಳು.

"ಮಾಮಿ, ಆ ಸೆಡ್ರಿಕ್‌ನ ಹತ್ತಿರ ನೀವು ಆವು ಅಂದದ್ದಾ, ಯಾವು ಅಂದದ್ದಾ?"

"ಯಾವು."

"ಕಾಯಿಲ್ ಹಾಕುವುದು ಬೇಡ ಅಂತಲಾ?"

"ಯಾವ ಕಾಯಿಲ್? ಆ ಸೆಡ್ರಿಕ್ ಪೊರ್ಬು ಎಂತ ಕೇಳಿದ ಅಂತ ನನಗೆ ಸರಿ ಕೇಳಿದ್ದೂ ಇಲ್ಲ. ಪೂರಾ ಮಾಡಿ ಬಿಡುವುದಾ ಅಮ್ಮ ಅಂದ. ಯಾವು ಅಂದೆ, ಎಲ್ಲವೂ ಸಾಕು ಅಂತ. ಯಾರು ಕೇಳಿದ್ರೂ ಅದನ್ನೇ ಹೇಳ್ತಿದ್ದೆ. ನೀನು ಕೇಳ್ಲಿಲ್ಲ, ಅವ ಕೇಳಿದ."

ರಸ್ತೆಯಲ್ಲಿ ಬಂದರಿಗೆ ಹೋಗುವ ಟ್ಯಾಂಕರುಗಳು ಸಾಲಾಗಿ ಹೋಗುತ್ತಿದ್ದವು. ಅವು ದಾಟಿದ ಮೇಲೆ ಸಂಚಿತಾ ಕೇಳಿದಳು.

"ಹಾಗಾದ್ರೆ ಶುಕ್ರವಾರ?"

"ಬರುವುದಿಲ್ಲ. ಎಸಿ ಸರಿ ಆದ್ರೂ ಬರುವುದಿಲ್ಲ. ಎಸಿ ಅಂತ ಸುಮ್ಮನೆ ಹೇಳಿದ್ದು. ಬೇರೆ ಎಂತ ಹೇಳಿದ್ರೂ ನೀನು ಒಪ್ಪುವವಳಲ್ಲ. ಮನೆಯಲ್ಲೇ ಮಲಗಿರ್ತೇನೆ. ಒಂದು ದಿನ ಏಳ್ಲಿಕ್ಕಿಲ್ಲ, ಅಷ್ಟೇ. ನಿನಗೂ ಮಂಡೆಬಿಸಿ ಮುಗಿಯಿತು."

"ಇದನ್ನು ನಿಮ್ಮ ಮಗನಿಗೆ ನೀವೇ ಹೇಳ್ಬೇಕು. ನಾನು ಹೇಳಿದ್ರೆ ನಾನೇ ನಿಲ್ಲಿಸಿದ್ದು ಅಂತ ಆಗ್ತದೆ. ನಿಮ್ಮ ಬೊಜ್ಜಕ್ಕೆ ಬಂದವರೆಲ್ಲ ಊಟ ಮಾಡುತ್ತ ಅದನ್ನೇ ಮಾತಾಡಿಯಾರು."

ತಾನು ಸತ್ತ ಮೇಲಿನ ಊಟದ ಮಾತಿಗೆ ಕುಶಲಾ ನಕ್ಕರು. "ಹೌದು, ಮಾತಾಡ್ತಾರೆ. ಹಾಕು ಫೋನ್."

ಪೃಥ್ವಿರಾಜನ ಹಿಂದೆ ಹೋಟೆಲಿನ ಪಾತ್ರೆಗಳ ಸದ್ದು ಕೇಳುತ್ತಿತ್ತು. ಅಮ್ಮ ಹೇಳಿದ್ದನ್ನು ಪೂರ್ತಿ ಕೇಳಿ, "ಗುರುವಾರ ಎಸಿ ಸರಿ ಆಗ್ತದಲ್ಲ ಅಮ್ಮ, ಮತ್ತೆಂತ?" ಅಂದ.

"ಮತ್ತೆಂತ ಇಲ್ಲ. ನೀನು ಒಂದು ವಾರ ಬಂದು ಆ ಕಾರು ಬಿಡು. ಆಮೇಲೆ ನೀನು ಹೇಳಿದ ಹಾಗೆ ಕೇಳ್ತೇನೆ."

"ಈಗ ಮದುವೆ ಸೀಸನ್ ಅಮ್ಮ. ಹೇಗೆ ಬಿಟ್ಟು ಬರುವುದು? ಸಂಚಿತಾ ಇದ್ದಾಳಲ್ಲ."

ಕುಶಲಾ ಫೋನನ್ನು ಸೊಸೆಯ ಕೈಗೆ ಕೊಟ್ಟರು. "ನೀನು ಇದ್ದೀಯಂತೆ," ಅಂದರು.

ಗುರುವಾರ ಸಂಜೆ ಸಂಚಿತಾ ಬಸ್ಸಿನಲ್ಲಿ ಜೆಪ್ಪುವಿಗೆ ಹೋದಳು. ಕಾರಿಗೆ ಮುಖ ಮರಳಿ ಬಂದಿತ್ತು. ಸೆಡ್ರಿಕ್ ಹಳೆಯ ಕಾಯಿಲನ್ನು ಪೇಪರಿನಲ್ಲಿ ಸುತ್ತಿ ಇಟ್ಟಿದ್ದ, ಬಿಚ್ಚಿ ತೋರಿಸಿದ. ಒಂದು ಪುಸ್ತಕದಷ್ಟು ದೊಡ್ಡದು, ಒತ್ತೊತ್ತಾಗಿ ತಗಡಿನ ಎಸಳುಗಳು, ಮೂಲೆಯಲ್ಲಿ ಎಣ್ಣೆ ಕುಡಿದು ಕಪ್ಪಾದ ಧೂಳು. ಎಣ್ಣೆ ಇರುವಲ್ಲೇ ಓಟೆ ಎಂದ. ಹೊಸದು ಹಾಕಿ, ಒಳಗಿನ ಗಾಳಿಯನ್ನೆಲ್ಲ ಎಳೆದು, ಒಂದು ರಾತ್ರಿ ಹಾಗೇ ಬಿಟ್ಟು ಸೋರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಗ್ಯಾಸ್ ತುಂಬಿದ್ದಾನಂತೆ. ಇಂಜಿನು ಹಾಕಿ ಕಿಂಡಿಯ ಎದುರು ಕೈ ಹಿಡಿಯಲು ಹೇಳಿದ. ಬೆರಳು ಮರಗಟ್ಟುವಷ್ಟು ತಂಪು.

"ಅಮ್ಮನ ಹತ್ತಿರ ಕೇಳಿದ್ರಾ?" ಅಂದ ಸೆಡ್ರಿಕ್, ಬಾನೆಟ್ ಮುಚ್ಚುತ್ತ. ಮೂರು ದಿನದಿಂದ ಅದೇ ಕೊರೆಯುತ್ತಿತ್ತು ಎಂಬುದು ದನಿಯಲ್ಲಿ ಗೊತ್ತಾಗುತ್ತಿತ್ತು.

ನಿಜ ಹೇಳಿದರೆ ಮುಂದಿನದ್ದನ್ನೂ ಹೇಳಬೇಕಾಗುತ್ತಿತ್ತು.

"ಕೇಳಿದೆ. ಆವು ಅಂತಲೇ ಅಂದದ್ದಂತೆ."

"ನೋಡಿ. ನಾನು ಹೇಳ್ಲಿಲ್ವಾ?" ಅವನು ಕಿಟಕಿಯ ಕಡೆ ತಿರುಗಿ ಕೊಂಕಣಿಯಲ್ಲಿ ಏನೋ ಹೇಳಿದ. ಒಳಗಿನಿಂದ ನೆಲ್ಲಿ ಅದಕ್ಕಿಂತ ಉದ್ದದ್ದೇನೋ ಹೇಳಿದಳು. ಸಂಚಿತಾ ಕಾರು ಹಿಂದಕ್ಕೆ ತೆಗೆದಳು.

ಪಂಪ್‌ವೆಲ್, ನಂತೂರು, ಕೊಟ್ಟಾರ, ಎಲ್ಲ ಕಡೆಯೂ ಬ್ಲಾಕ್. ಕಿಟಕಿ ಏರಿಸಿ ಅವಳು ಒಬ್ಬಳೇ ತಂಪಿನಲ್ಲಿ ಕೂತಿದ್ದಳು. ಬೆನ್ನಿನ ಬೆವರು ಆರಿತು. ಯಾರಿಗಾಗಿ ಇಷ್ಟೆಲ್ಲ ಬಿಚ್ಚಿ ಜೋಡಿಸಿದ್ದು ಎಂದು ಒಂದು ಸಲ ಅನ್ನಿಸಿತು. ಆಮೇಲೆ ಅದೂ ಅನ್ನಿಸಲಿಲ್ಲ. ತಂಪು ಮಾತ್ರ ಹಿತವಾಗಿತ್ತು.

ಮನೆ ಮುಟ್ಟಿದಾಗ ಅತ್ತೆಯ ಕಾಲು ಊದಿತ್ತು. ಬೆರಳಿನಿಂದ ಒತ್ತಿದರೆ ಕುಳಿ ಹಾಗೇ ಉಳಿಯುತ್ತಿತ್ತು. ಆಸ್ಪತ್ರೆಗೆ ಹೋಗುವ ಎಂದಳು ಸಂಚಿತಾ. ಕುಶಲಾ ತಲೆ ಅಲ್ಲಾಡಿಸಿದರು. ಊಟ ಬೇಡ ಎಂದು ಹೋಗಿ ಮಲಗಿದರು.

ಶುಕ್ರವಾರ ಬೆಳಕು ಹರಿಯುವಾಗ ಸಂಚಿತಾ ಎದ್ದು ಬಂದರೆ ಕುಶಲಾ ಮಂಚದ ಅಂಚಿನಲ್ಲಿ ನೆಟ್ಟಗೆ ಕೂತಿದ್ದರು. ಎರಡು ಕೈಗಳೂ ಮೊಣಕಾಲಿನ ಮೇಲೆ. ಬಾಯಿ ತೆರೆದಿತ್ತು. ಎದೆಯೊಳಗೆ ಅನ್ನ ಕುದಿಯುವಂಥ ಸದ್ದು. ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದರೋ. ದಿಂಬು ನೆಲದ ಮೇಲಿತ್ತು.

"ಮಲಗ್ಲಿಕ್ಕೆ ಆಗುವುದಿಲ್ಲ," ಅಂದರು, ಒಂದೊಂದು ಶಬ್ದಕ್ಕೆ ಒಂದೊಂದು ಉಸಿರು. "ಮಲಗಿದ್ರೆ... ನೀರಿನಲ್ಲಿ ಮುಳುಗಿದ ಹಾಗೆ."

ಸಂಚಿತಾ ಅವರ ಬೆನ್ನಿಗೆ ಕೈ ಕೊಟ್ಟಳು. ಸಾಯುವುದೆಂದರೆ ಮಲಗಿ ಏಳದೇ ಇರುವುದು ಎಂದು ಅತ್ತೆ ನಂಬಿದ್ದರು. ಮಲಗಲಿಕ್ಕೂ ಉಸಿರು ಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಂಚಿತಾಳಿಗೂ ಹೇಳಿರಲಿಲ್ಲ. ನೀರು ಶ್ವಾಸಕೋಶಕ್ಕೆ ಬರುತ್ತದೆ ಎಂದು ಡಾಕ್ಟರು ಅಂದಿದ್ದನ್ನು ಇಬ್ಬರೂ ಕೇಳಿದ್ದರು, ಹವಾಮಾನದ ವರದಿ ಕೇಳಿದ ಹಾಗೆ.

"ಕಾರು ಬಂದಿದೆಯಾ?"

"ಬಂದಿದೆ ಮಾಮಿ."

"ತೆಗಿ."

ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟು ನೆಟ್ಟಗೆ ಮಾಡಿ, ಎಸಿಯನ್ನು ಪೂರ್ತಿ ತಿರುಗಿಸಿದಳು. ಕುಶಲಾ ಬಗ್ಗಿ ಕಿಂಡಿಯ ಎದುರಿಗೇ ಮುಖ ಒಡ್ಡಿದರು, ಬಾಯಾರಿದವರು ನಳ್ಳಿಗೆ ಬಾಯಿ ಕೊಡುವ ಹಾಗೆ. ರಸ್ತೆ ಇನ್ನೂ ಖಾಲಿ ಇತ್ತು. ಕೊಟ್ಟಾರ ದಾಟಿತು, ನಂತೂರು ದಾಟಿತು. ಸಂಚಿತಾ ಹಾರ್ನಿನ ಮೇಲಿನಿಂದ ಕೈ ತೆಗೆಯಲಿಲ್ಲ. ಸೇತುವೆಯ ಮೇಲೆ ಬರುವಾಗ ಕುಶಲಾ ಕೇಳಿದರು:

"ಇನ್ನೂ ಜೋರು ಉಂಟಾ ಇದರಲ್ಲಿ?"

"ಇಷ್ಟೇ ಇರುವುದು."

"ಇದ್ದರೆ ಕೊಡು."

ಅವಳು ತನ್ನ ಕಡೆಯ ಕಿಂಡಿಗಳನ್ನೂ ಮುಚ್ಚಿದಳು. ಅತ್ತೆಯ ಕಡೆಗೆ ಗಾಳಿ ಸ್ವಲ್ಪ ಹೆಚ್ಚಾಯಿತು. ತೊಕ್ಕೊಟ್ಟಿನಲ್ಲಿ ಬಸ್ಸುಗಳು ಅಡ್ಡಾದಿಡ್ಡಿ ನಿಂತಿದ್ದವು. ಒಬ್ಬ ಪೊಲೀಸಿನವನು ಕಾರಿನೊಳಗೆ ನೋಡಿ ಏನೂ ಕೇಳದೆ ದಾರಿ ಮಾಡಿಕೊಟ್ಟ.

ಎಮರ್ಜೆನ್ಸಿಯ ಬಾಗಿಲಿನಲ್ಲಿ ಗಾಲಿಕುರ್ಚಿ ಬಂತು, ಆಕ್ಸಿಜನ್ ಬಂತು. ನಜ್ಲಾ ಡ್ಯೂಟಿಗೆ ಆಗಷ್ಟೇ ಬಂದಿದ್ದಳು. ತಿಂದದ್ದು ಕುಡಿದದ್ದನ್ನೆಲ್ಲ ಸಂಚಿತಾ ಅವಳಿಗೆ ಹೇಳಿದಳು. "ಎಳನೀರು ಯಾರು ಕೊಟ್ಟದ್ದು?" ಎಂದು ಗದರಿದಳು. "ನಾನೇ ಕುಡಿದದ್ದು, ಅವಳಿಗೆ ಬೈಬೇಡ," ಎಂದರು ಕುಶಲಾ ಆಕ್ಸಿಜನ್ ಮಾಸ್ಕಿನ ಒಳಗಿನಿಂದ. ಸೊಸೆಯ ಪರವಾಗಿ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು.

ಮೆಷಿನ್ನಿಗೆ ಜೋಡಿಸಿದ ಮೇಲೆ ಏದುಸಿರು ನಿಧಾನಕ್ಕೆ ಇಳಿಯಿತು. ಸಂಚಿತಾ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಕೊಳವೆಯೊಳಗೆ ರಕ್ತ ಓಡುವುದನ್ನು ನೋಡುತ್ತಿದ್ದಳು. ಅತ್ತೆ ನಿದ್ದೆ ಹೋಗಿದ್ದಾರೆ ಎಂದುಕೊಂಡಿದ್ದಳು.

"ಸೋಮವಾರ ಸ್ವಲ್ಪ ಬೇಗ ಹೊರಡುವ," ಅಂದರು ಕುಶಲಾ, ಕಣ್ಣು ತೆರೆಯದೆ. "ತೊಕ್ಕೊಟ್ಟಿನಲ್ಲಿ ಬ್ಲಾಕ್ ಆಗುವ ಮೊದಲು."

"ಹೂಂ," ಅಂದಳು ಸಂಚಿತಾ. ಸೋಮವಾರ, ಆಮೇಲೆ ಬುಧವಾರ, ಆಮೇಲೆ ಶುಕ್ರವಾರ. ಅವಳು ಮುಂದಕ್ಕೆ ಎಣಿಸಲು ಹೋಗಲಿಲ್ಲ.

ವಾರ್ಡಿನ ಬಾಗಿಲಿಗೆ ಸೆಕ್ಯುರಿಟಿಯವನು ಬಂದು, ಎಮರ್ಜೆನ್ಸಿಯ ಎದುರು ನಿಲ್ಲಿಸಿದ ಬಿಳಿ ಕಾರು ಯಾರದ್ದು, ಆಂಬುಲೆನ್ಸಿಗೆ ಅಡ್ಡ ಆಗ್ತದೆ ಎಂದು ಕೂಗಿದ. ಅವಳು ಎದ್ದು ಹೋದಳು. ಕೀ ತಿರುಗಿಸಿದ ಕೂಡಲೇ ಎಸಿ ಮೊದಲಿನಷ್ಟೇ ಜೋರಾಗಿ ಬೀಸಿತು, ಎಲ್ಲ ಅತ್ತೆಯ ಖಾಲಿ ಸೀಟಿನ ಕಡೆಗೆ. ತನ್ನ ಕಡೆಯ ಕಿಂಡಿಗಳನ್ನು ತೆರೆದು, ಸ್ಟೇರಿಂಗಿನ ಮೇಲೆ ಹಣೆ ಇಟ್ಟಳು. ಸೆಕ್ಯುರಿಟಿಯವನು ಗಾಜಿಗೆ ಬೆರಳಿನಿಂದ ಬಡಿದ. ತಲೆ ಎತ್ತಿ, ಗೇರು ಹಾಕಿ, ಕಾರನ್ನು ಪಾರ್ಕಿಂಗಿನ ಕಡೆಗೆ ಒಯ್ದಳು.